ಭರಮನ ಎಡೆ

೨೯ ಸೆಪ್ಟೆಂಬರ್ ೧೯೫೮, ಸೋಮವಾರ
ಗಿರಣಿ ಆಫೀಸಿನಿಂದ ಬಂದಾಗ ಆರು. ಅವ್ವ ಮನೆಯಲ್ಲಿಲ್ಲ. ಸೋಮವಾರವಲ್ಲವೇ, ಹರಿಹರಕ್ಕೆ ಹೋಗಿದ್ದಾಳೆ. ಎರಡು ವರ್ಷದಿಂದ ಇದೇ. ಸ್ಟೇಷನ್ ಬೆಂಚಿನ ಮೇಲೆ ಕೂತು ಪುಣೆ ಕಡೆಯ ಗಾಡಿ ಕಾಯುತ್ತಾಳೆ, ನನ್ನ ತಮ್ಮ ಭರಮ ಇಳಿದಾನೆಂದು. ಅವನು ಓಡಿಹೋದದ್ದು ಒಂದು ಸೋಮವಾರ, ಅದೇ ಸ್ಟೇಷನ್ನಿನಿಂದ. ಹಾಗೆಂದು ಹೇಳಿದವನು ನಾನು.
ಹಿರಿಯರಿಗೆ ಎಡೆ ಇಡುವ ಪಕ್ಷ ಶುರುವಾಗಿದೆ.

೫ ಅಕ್ಟೋಬರ್
ದೊಡ್ಡಪ್ಪ ಕೆಂಚವೀರಪ್ಪ ಬಂದಿದ್ದರು. ಎರಡು ವರ್ಷ ಒಂದು ಕಾಗದವಿಲ್ಲ, ಅಮಾವಾಸ್ಯೆಗೆ ಅಪ್ಪನ ಪಕ್ಕ ಭರಮನಿಗೂ ಒಂದು ಎಡೆ ಇಟ್ಟುಬಿಡೋಣ ಎಂದರು. ಅವ್ವ ರೊಟ್ಟಿ ತಟ್ಟುವುದು ನಿಲ್ಲಿಸಿದಳು.
“ಬದುಕಿರೋ ಮಗನಿಗೆ ಎಡೆ ಇಡಬ್ಯಾಡ್ರಿ, ಭಾವ. ಆಯುಷ್ಯ ಕಡಿಮೆ ಆಗ್ತೈತೆ.”
ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ. ಆಗಲೇ ಹೇಳಬೇಕಿತ್ತು...

೬ ಅಕ್ಟೋಬರ್, ರಾತ್ರಿ ೮
ಅವ್ವ ಪ್ಲಾಟ್‌ಫಾರಂನಲ್ಲಿ ಬಿದ್ದಿದ್ದಾಳೆ. ಹೊರಟ ಗಾಡಿಯ ಕಿಟಕಿಯಲ್ಲಿ ಯಾರನ್ನೋ ಕಂಡು ಓಡಿದಳಂತೆ. ಪೋರ್ಟರ್ ಹುಸೇನ್ ಸಾಬ್ ಹಿಡಿದೆಳೆಯದಿದ್ದರೆ ಚಕ್ರದಡಿ. ಪಾಪ, ಅವನೇ ದಾವಣಗೆರೆವರೆಗೆ ತಂದು ಬಿಟ್ಟ. ಮೊಣಕಾಲು ಊದಿದೆ. ಮುಂದಿನ ಸೋಮವಾರ ಹೇಗೆ ಹೋಗಲಿ ಎಂದು ನನ್ನನ್ನೇ ಕೇಳಿದಳು.

೭ ಅಕ್ಟೋಬರ್
ಇಲ್ಲಾದರೂ ಬರೆಯಬೇಕು.
ಭರಮ ಗಾಡಿ ಹತ್ತಲಿಲ್ಲ. ಶ್ರಾವಣ ಸೋಮವಾರ, ಹರಿಹರದ ದೇವಸ್ಥಾನಕ್ಕೆಂದು ಹೋಗಿದ್ದೆವು. ಹೊಳೆ ತುಂಬಿತ್ತು. ಈಜೋಣ ಎಂದೆ. ಬ್ಯಾಡಣ್ಣ, ಸೆಳವು ಐತೆ ಅಂದ. ಹೇಡಿ ಅಂದೆ. ಇಳಿದ. ಒಂದೇ ಸಲ ಕೈ ಕಂಡಿತು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದೆ. ಹದಿನಾರು ವರ್ಷ ಅವನಿಗೆ. ನಾನು ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ದಡದಲ್ಲಿದ್ದ ಅವನ ಬಟ್ಟೆಯನ್ನೂ ಹೊಳೆಗೆ ಎಸೆದೆ. ಮನೆಗೆ ಬಂದು, ಓಡಿಹೋದ ಎಂದೆ.

೧೧ ಅಕ್ಟೋಬರ್
ಹೇಳಿದೆ.
ಅವ್ವ ಅಳಲಿಲ್ಲ. ಬೈಯಲಿಲ್ಲ. ಬಹಳ ಹೊತ್ತು ಬೆರಳು ಮಡಿಸುತ್ತ ಏನೋ ಎಣಿಸಿದಳು.
“ಎರಡು ಅಮಾಸೆ ಹೋದ್ವು. ನಿಮ್ಮಪ್ಪಗೆ ಎಡೆ ಇಟ್ವಿ. ಭರಮ ಬಾಗಿಲಾಗೆ ನಿಂತು ನೋಡಿ, ಹಸ್ಕೊಂಡು ಹೋಗ್ಯಾನೆ.”
ನಾನೂ ಹೊಳೆಗೆ ಬೀಳುತ್ತೇನೆ ಎಂದೆ.
“ಬೀಳು. ನಿನಗೂ ಒಂದು ಎಡೆ ಇಡ್ತೀನಿ. ಅದಕ್ಕೇ ಅಲ್ಲೇನು ನಾನಿರೋದು.”

೧೨ ಅಕ್ಟೋಬರ್, ಅಮಾವಾಸ್ಯೆ
ಬೆಳಗಿನಿಂದ ಒಲೆ ಮುಂದೆ. ಕುಂಟುತ್ತಲೇ ಎಲ್ಲ ಮಾಡಿದಳು. ಕಡುಬು, ಹೋಳಿಗೆ, ಬದನೆಕಾಯಿ ಪಲ್ಯ. ತನಗೆ ಗೊತ್ತಿಲ್ಲದಂತೆ ಅವನಿಗೆ ಇನ್ನೇನು ಇಷ್ಟವಿತ್ತು ಎಂದು ಕೇಳಿದಳು. ಬೀಡಿ ಎಂದೆ. ತಾ ಎಂದಳು. ತಂದೆ. ಎಡೆಯ ಪಕ್ಕದ ಹೊಸ ಅಂಗಿಯ ಮೇಲೆ ಕಟ್ಟು ಇಟ್ಟಳು. ಅವನು ವಾಪಸು ಬಂದರೆ ಎಂದು ಹೋದ ವರ್ಷ ಹೊಲಿಸಿಟ್ಟ ಅಂಗಿ, ಒಂದು ಗೇಣು ಉದ್ದವಾಗಿ.
ದೊಡ್ಡಪ್ಪ ಲೋಬಾನ ಹಾಕಿ, ಹಿರಿಯರನ್ನು ಕರೆಯಲು ಎದ್ದರು. ಅವ್ವ ತಡೆದಳು.
“ಅವನು ಹೋಗಿದ್ದು ನೋಡಿದೋನು ಹಾಲೇಶ. ಅವನೇ ಕರೀಲಿ.”
ಹೊಸ್ತಿಲಲ್ಲಿ ನಿಂತೆ. ಮೂರು ಸಲ ಕರೆಯಬೇಕು. ಭರಮ, ಉಣ್ಣಾಕೆ ಬಾರೋ ಎಂದೆ. ಇನ್ನೊಮ್ಮೆ. ಮೂರನೆಯ ಸಲ ದನಿ ಹೊರಡಲಿಲ್ಲ. ಅವ್ವ ಕಾಲೆಳೆದುಕೊಂಡು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು. ತಳ್ಳಿದಳೋ, ಹಿಡಿದುಕೊಂಡಳೋ—