ಯಂತ್ರದ ಬೆನ್ನಿಗೆ ವಿಭೂತಿ

ತಿಪಟೂರು
ಸೋಮವಾರ, ೨೦೦೮

ದೊಡ್ಡಪ್ಪನಿಗೆ ಸುಗುಣಳ ನಮಸ್ಕಾರ.

ಕೊಬ್ಬರಿ ವ್ಯಾಪಾರಿ ಮರುಳಸಿದ್ದಯ್ಯನವರ ಕಾರಿನಲ್ಲಿ ದಾರಿ ತೋರಿಸುವ ಜಿಪಿಎಸ್ ಆಗಾಗ ಆರಿಹೋಗುತ್ತದೆ ಎಂದಿದ್ದೆನಲ್ಲ, ಕಾರಣ ಹಿಡಿದುಬಿಟ್ಟೆ! ಬಳ್ಳಾರಿಯ ಬಯಲು ಕಂಡವಳಿಗೆ ಇಲ್ಲಿ ಆಕಾಶವೇ ಕಾಣದಷ್ಟು ತೆಂಗು. ಸಿಗ್ನಲ್ಲಿಗೆ ಗರಿಗಳೇ ಅಡ್ಡ ಎಂದು ಮರಗಳನ್ನು ಬೈದದ್ದೇ ಬೈದದ್ದು. ನಿನ್ನೆ ನೋಡಿದರೆ, ಮರವೇ ಇಲ್ಲದ ಬೋರನಕಣಿವೆ ಜಲಾಶಯದ ಏರಿಯ ಮೇಲೂ ಕಾರು ಕುಲುಕಿದ ಕೂಡಲೇ ಆರಿತು. ಕುಲುಕಿದಾಗ ಆರಿದರೆ ಮೊದಲು ಪಿನ್ನು ನೋಡು ಎಂಬ ನಿಮ್ಮ ರೇಡಿಯೋ ಅಂಗಡಿಯ ಪಾಠ ನೆನಪಾಗಿ ಯಂತ್ರವನ್ನು ತಿರುಗಿಸಿದೆ. ಬೆನ್ನ ತುಂಬ ವಿಭೂತಿ. ಒದ್ದೆಯಾಗಿ ಬಳಿದದ್ದು ಚಾರ್ಜರ್ ಪಿನ್ನಿನ ತೂತಿನೊಳಗೆ ಗಟ್ಟಿಯಾಗಿ ಕೂತಿತ್ತು.

ಮರುಳಸಿದ್ದಯ್ಯನವರ ಹೆಂಡತಿ ಸರ್ವಮಂಗಳಮ್ಮ ಸೋಮವಾರ ಸೋಮವಾರ ಮಂಡಿಯ ತಕ್ಕಡಿಗೆ ಹಚ್ಚುವಂತೆ ಇದಕ್ಕೂ ಹಚ್ಚುತ್ತಾರಂತೆ. "ಮುಂದ್ಗಡೆ ಹಚ್ಚಿದ್ರೆ ದಾರಿ ಕಾಣಲ್ವಲ್ಲ ಕಣಮ್ಮ, ಅದ್ಕೇ ಹಿಂದ್ಗಡೆ ಹಚ್ಚಿದ್ದು. ಇನ್ಮೇಲೆ ತೆಳ್ಳಗೆ ಹಚ್ತೀನಿ ಬುಡು" ಎಂದರು. ತೂತು ಕೆರೆದು ಶುಚಿ ಮಾಡಿದ ಮೇಲೆ ತುರುವೇಕೆರೆವರೆಗೂ ಒಮ್ಮೆಯೂ ಆರಲಿಲ್ಲ. ರಿಪೇರಿಗೆ ಹುಡುಗಿಯೊಬ್ಬಳನ್ನೇ ಕಳಿಸುವುದೇ ಎಂದಿದ್ದ ನಮ್ಮ ಕಂಪನಿಯ ಸಾಹೇಬರು ಫೋನಿನಲ್ಲಿ ಶಹಬ್ಬಾಸ್ ಅಂದರು.

ಎಳನೀರು ಹೆಚ್ಚಾಗಿ ಶೀತವಾಗಿದೆ, ಗಾಬರಿ ಬೇಡ. ಅಗೋ, ಸರ್ವಮಂಗಳಮ್ಮ ವಿಭೂತಿ ತಟ್ಟೆ ಹಿಡಿದು ಕಾರಿನ ಕಡೆ ಹೊರಟರು. ನಾನು ಓಡಬೇಕು.

ಸುಗುಣ