ನಿಮ್ಮ ನಂಬರಿನಿಂದ ಹೋದ ಕರೆ

ಶಾಂತಕ್ಕ,

ಜೈಭೀಮ್. ಬೆಳಿಗ್ಗೆ ಗೋಡೆಯ ಆಚೆಯಿಂದ ನೀವು ಹಾಗನ್ನುತ್ತಿದ್ದಿರಿ, ಈಚೆಯಿಂದ ನಾನು ಶರಣ್ರಿ ಅನ್ನುತ್ತಿದ್ದೆ. ಈಗ ಎರಡನ್ನೂ ನಾನೇ ಅಂದುಕೊಂಡು ಒಲೆ ಹೊತ್ತಿಸುತ್ತೇನೆ. ನಿಮಗೊಂದು ಸಂಗತಿ ಹೇಳಬೇಕಿದೆ. ಎಲ್ಲಿಂದ ಶುರು ಮಾಡಲಿ ಎಂಬುದೇ ತಿಳಿಯುತ್ತಿಲ್ಲ.

ಕಣ್ಣಿಗೆ ಪೊರೆ ಬಂದು ಮೊಬೈಲಿನ ಅಕ್ಷರ ಕಾಣದಾದಾಗ ನೀವು ಆ ಕಂಪ್ಯೂಟರ್ ತರಿಸಿದ್ದು ನೆನಪಿದೆಯೇ? ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೂ ಯಾರಿಗೆ ರಕ್ತ ಬೇಕಾದರೂ ನಿಮಗೇ ಫೋನ್ ಬರುತ್ತಿತ್ತು. ಕೊಡುವವರ ನಂಬರುಗಳನ್ನೆಲ್ಲ ಅದರಲ್ಲಿ ದಪ್ಪ ಅಕ್ಷರದಲ್ಲಿ ತುಂಬಿಸಿಕೊಂಡಿರಿ. ಪರದೆಯ ಮೇಲಿನ ಹೆಸರು ಒತ್ತಿದರೆ ಪಕ್ಕದಲ್ಲಿಟ್ಟ ಮೊಬೈಲಿನಿಂದ ತಾನೇ ಕರೆ ಹೋಗುವಂತೆ ಅಂಗಡಿಯವನು ಜೋಡಿಸಿಕೊಟ್ಟಿದ್ದ. “ಫೋನ್ ಮಾಡ್ಲಿಕ್ಕ ಇಷ್ಟ್ ದೊಡ್ಡ ಡಬ್ಬಿ ಯಾಕ್ರಿ ಅಕ್ಕಾ?” ಎಂದು ನಾನು ನಕ್ಕೆ. “ನಗಬ್ಯಾಡ ಮಹಾದೇವಿ, ಕಲ್ತ್ಕೊ,” ಅಂದಿರಿ. ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳಿಗೆ ಅದೆಲ್ಲ ಯಾಕೆ ಅಂತ...

ನಿಮ್ಮ ಮಗಳು ನಾಂದೇಡಿಗೆ ಹೊರಟ ದಿನ ಕಂಪ್ಯೂಟರನ್ನೂ ಮೊಬೈಲನ್ನೂ ತಂದು ನನ್ನ ಹಿಟ್ಟಿನ ಡಬ್ಬಿಗಳ ಪಕ್ಕ ಇಟ್ಟಳು. “ಮಾವ್ಶಿ, ಇವು ನಿಮ್ಮ ಹತ್ರನೇ ಇರ್ಲಿ ಅಂತ ಅವ್ವ ಹೇಳ್ಯಾಳ್ರಿ. ಸಿಮ್ ತೆಗೀಬ್ಯಾಡ್ರಿ.” ನನಗೇ ಏಕೆ ಅಕ್ಕಾ? ಓದಿದವರು ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅದರ ಮೇಲೆ ಒಂದು ಟವೆಲ್ ಹೊದಿಸಿ ಸುಮ್ಮನಾದೆ.

ಹೋದ ವಾರ ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ, ಕಾಲಲ್ಲಿ ಚಪ್ಪಲಿ ಇಲ್ಲ. “ಶಾಂತಕ್ಕಾರ ಮನಿ ಇದೇ ಏನ್ರಿ? ನಾ ಮಾರುತಿ, ಔರಾದದವ. ನನ್ ಹೆಂಡ್ತಿಗಿ ಹೆರಿಗಿ ಆಗ್ಯಾದ್ರಿ, ಹೆಣ್ಣ ಕೂಸು. ಆದ್ರ ರಕ್ತ ಭಾಳ ಹೋಗ್ಲತ್ತದ. ಬಿ ನೆಗೆಟಿವ್ ಬೇಕಂತ, ಎಲ್ಲೂ ಸಿಗ್ಲಿಲ್ರಿ. ದವಾಖಾನ್ಯಾಗ ಯಾರೋ ಅಕ್ಕಾರ ಹೆಸರ ಹೇಳಿದ್ರು.”

“ಅವರು ಇಲ್ಲಪ್ಪ,” ಅಂದೆ.

“ಯಾವಾಗ ಬರ್ತಾರ್ರಿ?”

ಇದಕ್ಕೆ ಏನು ಹೇಳಬೇಕಿತ್ತು ಅಕ್ಕಾ? “ಒಳಗ ಬಾ,” ಅಂದೆ.

ಟವೆಲ್ ತೆಗೆದು, ನೀವು ತೋರಿಸಿಕೊಟ್ಟಿದ್ದ ಗುಂಡಿ ಒತ್ತಿದೆ. ಇಲಿಯಂತಹ ಆ ಸಾಧನದ ಮೇಲೆಲ್ಲ ಜೋಳದ ಹಿಟ್ಟು. ಹೆಸರುಗಳು ಬಂದವು, ಆದರೆ ಅವು ಹೆಸರುಗಳೇ ಅಲ್ಲ, ಬರೀ ರಕ್ತದ ಗುಂಪು, ಊರು! ‘ಬಿ ನೆಗೆಟಿವ್ ಗಂಜ್’, ‘ಬಿ ನೆಗೆಟಿವ್ ಭಾಲ್ಕಿ’, ‘ಬಿ ನೆಗೆಟಿವ್ ಹಲಬರ್ಗಾ’. ಇವರೆಲ್ಲ ಯಾರು? ಗಂಡಸರೋ, ಹೆಂಗಸರೋ? ಅಣ್ಣ ಅನ್ನಲೋ, ತಂಗಿ ಅನ್ನಲೋ? ಎಲ್ಲ ನಿಮ್ಮ ತಲೆಯಲ್ಲಿತ್ತು, ನಿಜ. ನನ್ನ ತಲೆಯಲ್ಲಿ ಏನಿತ್ತು?

ನಮ್ಮೂರ ಪೇಟೆ ಗಾಂಧಿ ಗಂಜವೇ ಹತ್ತಿರ ಎಂದು ಮೊದಲು ಗಂಜ್ ಒತ್ತಿದೆ. ಮೊಬೈಲ್ ಕಿವಿಗೆ ಹಿಡಿದರೆ ಒಂದು ಸದ್ದೂ ಇಲ್ಲ. ನಾನು “ಹಲೋ, ಹಲೋ” ಅಂತ ಒದರುತ್ತಿದ್ದರೆ ಡಬ್ಬಿಯೊಳಗಿನಿಂದ ಒಬ್ಬ ಗಂಡಸು ಒದರುತ್ತಿದ್ದಾನೆ, “ಯಾರ್ರಿ? ಜೋರಾಗಿ ಮಾತಾಡ್ರಿ!” ಗಾಬರಿಯಲ್ಲಿ ಮೊಬೈಲಿಗೇ ಉತ್ತರ ಕೊಟ್ಟೆ. ಮಾರುತಿ ಮೆಲ್ಲಗೆ, “ಅಕ್ಕಾರ, ದನಿ ಅದರಾಗಿಂದ ಬರ್ಲತ್ತದರಿ,” ಅಂದ. ಡಬ್ಬಿಯ ಕಡೆ ಬಾಗಿ ವಿಷಯ ಹೇಳಿದೆ. ಆತ ಮಾಲು ತೆಗೆದುಕೊಂಡು ಹೈದರಾಬಾದಿಗೆ ಹೋಗಿದ್ದನಂತೆ. ಭಾಲ್ಕಿಯದು ಒಬ್ಬ ಹೆಣ್ಣುಮಗಳ ದನಿ. ಆಕೆ ಮೊನ್ನೆಯಷ್ಟೇ ರಕ್ತ ಕೊಟ್ಟು ಬಂದಿದ್ದಳು, ಮತ್ತೆ ಕೊಡುವಂತಿರಲಿಲ್ಲ.

ಹಲಬರ್ಗಾ ಒತ್ತಿದೆ. ಆ ಕಡೆ ಎತ್ತಿದರು. ಒಂದು ನಡುಗುವ ದನಿ: “ಯಾರು? ಶಾಂತಕ್ಕಾರ ಹೆಸರ ಕಾಣ್ಲತ್ತದ. ಅವರ ಮಣ್ಣಿಗಿ ನಾನೇ ಬಂದಿದ್ದೆ...” ಕರೆ ಕಟ್ಟಾಯಿತು.

ಮಾರುತಿ ನನ್ನ ಮುಖ ನೋಡಿದ. ನೀವು ಇನ್ನೆಂದೂ ಬರುವುದಿಲ್ಲ ಎಂಬುದು ಅವನಿಗೆ ತಿಳಿದದ್ದು ಹೀಗೆ. ಗೋಡೆಗೆ ಕೈ ಆನಿಸಿ ಕೂತುಬಿಟ್ಟ. ಅವನಿಗೆ ನೀರು ಕೊಡಲೋ, ಸಮಾಧಾನ ಹೇಳಲೋ ತಿಳಿಯದೆ ನಾನು ಮತ್ತೆ ಅದನ್ನೇ ಒತ್ತಿದೆ. ಎತ್ತಿದ ಕೂಡಲೇ ಉಸಿರು ತೆಗೆದುಕೊಳ್ಳದೆ ಹೇಳಿದೆ: “ಇಡಬ್ಯಾಡ್ರಿ! ನಾ ಬಾಜೂ ಮನಿ ಮಹಾದೇವಿರಿ, ಜೀವಂತ ಅದೀನಿ. ಒಂದ್ ಬಾಣಂತಿ ಜೀವಕ್ಕ ಕುತ್ತ ಬಂದದರಿ. ನಿಮ್ ಹೆಸರು ಸೈತ ನನಗ ಗೊತ್ತಿಲ್ಲ, ಆದ್ರ ನಿಮ್ ರಕ್ತ ಬೇಕು.”

“ವೈಜಿನಾಥ್ರಿ ನನ್ ಹೆಸರು,” ಅಂದ ಆತ. ಆಮೇಲೆ, “ಹೊಲದಾಗ ಅದೀನಿ. ಗಾಡಿ ತಗೊಂಡ್ ಬರ್ತೇನಿ. ಯಾವ ದವಾಖಾನಿ ಹೇಳ್ರಿ.”

ಒಲೆ ಆರಿಸಿ ನಾನೂ ಮಾರುತಿಯ ಜೊತೆ ಹೋದೆ. ವೈಜಿನಾಥ ಬಂದಾಗ ಅವನ ಪ್ಯಾಂಟಿಗೆ ತೊಗರಿಯ ಎಲೆಗಳು ಅಂಟಿದ್ದವು. ರಕ್ತ ಕೊಟ್ಟು ಎದ್ದು ಕೂತವನಿಗೆ ಚಹಾ ಕೊಟ್ಟೆ. ಅವನು ಕಪ್ಪನ್ನೇ ನೋಡುತ್ತಾ ಹೇಳಿದ: “ಖರೇ ಹೇಳ್ತೇನಿ, ಒಂದ್ ಗಳಿಗಿ ಅಕ್ಕಾರ ಇನ್ನಾ ಅದಾರ ಅಂತನೇ ತಿಳ್ದೆ. ಅಂಜಿ ಫೋನ್ ಇಟ್ಟೆ. ಆಮ್ಯಾಲ ಯಾಕಾರ ಇಟ್ಟೆನಪಾ ಅನ್ನಿಸ್ತು.” ಮತ್ತೆ, “ನೀವು ಆ ನಂಬರ್ ಚಾಲೂ ಇಡ್ರಿ,” ಅಂದ. ಅಳುತ್ತಿದ್ದನೋ, ತಲೆ ಸುತ್ತುತ್ತಿತ್ತೋ ತಿಳಿಯಲಿಲ್ಲ. ನನಗೂ ಯಾಕೋ ಕಣ್ಣು ಮಂಜಾಯಿತು. ಅವನು ಬಂದದ್ದು ನಿಮ್ಮ ಹೆಸರಿಗೋ, ನನ್ನ ಮಾತಿಗೋ, ಮುಖವನ್ನೇ ನೋಡದ ಆ ಬಾಣಂತಿಗೋ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಸಂಜೆಯ ಹೊತ್ತಿಗೆ ರಕ್ತಸ್ರಾವ ನಿಂತಿತು. ಮಾರುತಿಯ ಹೆಂಡತಿ ಕಣ್ಣು ತೆರೆದು ಕೂಸು ಎಲ್ಲಿ ಎಂದು ಕೇಳಿದಳಂತೆ.

ನಿನ್ನೆ ನಿಮ್ಮ ನಂಬರಿಗೆ ಕರೆ ಬಂದು ಡಬ್ಬಿ ರಿಂಗಾಯಿತು. ಈ ಸಲ ಮೊಬೈಲಿನ ಕಡೆ ಕೈ ಹಾಕಲಿಲ್ಲ, ಪರದೆಯ ಮೇಲೇ ಒತ್ತಿದೆ. “ಅಕ್ಕಾರ, ಮಾರುತಿ ಮಾತಾಡ್ಲತ್ತೀನ್ರಿ. ಬಸ್ಸಿಗಿ ಬಂದು ಊರು ಮುಟ್ಟೀವಿ. ತಾಯಿ, ಕೂಸು ಆರಾಮ ಅದಾರ. ನಂದೂ ರಕ್ತ ಚೆಕ್ ಮಾಡಿಸ್ದೆ, ಓ ಪಾಸಿಟಿವ್ ಅಂತ. ಯಾರಿಗರೆ ಬೇಕಾದ್ರ ಕರೀರಿ.”

ಹೊಸಬರನ್ನು ಸೇರಿಸುವುದು ಹೇಗೆ ಎಂದು ನೀವು ತೋರಿಸಿರಲೇ ಇಲ್ಲ. ಏನೇನೋ ಒತ್ತಿದೆ. ಯಾರಿಗೋ ಕರೆ ಹೋಯಿತು, ಬೈಸಿಕೊಂಡೆ. ಕೊನೆಗೆ ಖಾಲಿ ಜಾಗವೊಂದು ತೆರೆಯಿತು. ನಿಮ್ಮಂತೆಯೇ ‘ಓ ಪಾಸಿಟಿವ್ ಔರಾದ’ ಎಂದು ಬರೆದೆ. ಆಮೇಲೆ, ನನ್ನ ನಂತರ ಕೂರುವವರಿಗೆ ನನ್ನ ಫಜೀತಿ ಬೇಡವೆಂದು ಮುಂದೆ ‘ಮಾರುತಿ’ ಎಂದೂ ಸೇರಿಸಿದೆ. ಅವನು ಹೇಗಿದ್ದಾನೆ ಎಂದು ನಿಮಗೆ ಗೊತ್ತಿಲ್ಲ. ತೆಳ್ಳಗಿದ್ದಾನೆ, ಮೆಲ್ಲಗೆ ಮಾತಾಡುತ್ತಾನೆ, ಹೆಣ್ಣು ಕೂಸಿನ ತಂದೆ. ಆ ಪಟ್ಟಿಯಲ್ಲಿರುವವರಲ್ಲಿ ನಿಮಗೆ ಪರಿಚಯವಿಲ್ಲದ ಮೊದಲ ಮನುಷ್ಯ ಅವನು ಅಕ್ಕಾ, ಅದಕ್ಕೇ ಹೇಳುತ್ತಿದ್ದೇನೆ.

ನಿಮ್ಮ
ಮಹಾದೇವಿ