ಮುಂದಿನ ತಿಂಗಳ ಪ್ರೊಸೆಸರ್

೧೪ ಜೂನ್ ೨೦೦೬, ಬುಧವಾರ. ಸೇಡಂ.

ಇಂಟೆಲ್, ಎಎಂಡಿ ಎಂಬ ಪ್ರೊಸೆಸರ್ ಕಂಪನಿಗಳ ಹೆಸರು ಕೇಳಿದರೆ ಸಾಕು, ಮೈ ಉರಿಯುತ್ತದೆ. ಇವತ್ತು ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ತೆಂಗಳಿಯ ಭಾಗ್ಯಳ ಪರೀಕ್ಷೆ ಮುಗಿಯಲು ಹತ್ತೇ ನಿಮಿಷವಿದ್ದಾಗ ಹಳೇ ಕಂಪ್ಯೂಟರ್ ನಿಂತುಹೋಯಿತು. ಮಾಡಿದ್ದೆಲ್ಲ ಅಳಿಸಿಹೋಯಿತು. ನಮ್ಮ ಯಜಮಾನರು ಪತ್ರಿಕೆಯಿಂದ ತಲೆಯೆತ್ತಲಿಲ್ಲ.

“ಇನ್ನೊಂದು ತಿಂಗಳು ತಡಿ, ರಂಜನಾ. ಇಂಟೆಲ್‌ದು ಹೊಸ ಪ್ರೊಸೆಸರ್ ಬರ್ಲಿಕತ್ತದ. ಎಎಂಡಿನೂ ಸುಮ್ಮನ ಕುಂದ್ರಂಗಿಲ್ಲ. ಎರಡೂ ನೋಡಿ ತರೋಣ.”

ಎರಡು ವರ್ಷದಿಂದ ಇದೇ ಮಾತು.

“ಅವರಿಬ್ಬರ ಜಗಳ ಮುಗಿಯೋದ್ರಾಗ ನಾ ಮುದುಕಿ ಆಗ್ತೀನ್ರಿ ಸರ್,” ಎಂದಳು ಭಾಗ್ಯ, ಕಣ್ಣೊರೆಸಿಕೊಳ್ಳುತ್ತ.

ಇವರು ಆಟಕ್ಕೆಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡು ಯಾರಿಗೂ ಮುಟ್ಟಗೊಡದ ಸ್ವಂತ ಕಂಪ್ಯೂಟರನ್ನು ಹೊತ್ತು ತಂದು ಅವಳ ಮುಂದಿಟ್ಟೆ. ಅವಳು ಮೊದಲಿಂದ ಮಾಡಿ ಪಾಸಾದಳು.

ಇವರು ಸಿಟ್ಟಿನಿಂದ ಊಟಕ್ಕೆ ಬರಲಿಲ್ಲ. ನಾನು ಉಂಡು, ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸಿದೆ.